ಶಾರದಕ್ಕನ ಫ್ಲ್ಯಾಟಿನಲ್ಲಿ ಬಿಟ್‌ಕಾಯಿನ್ ನೋಡ್

ಗಲ್ಫಿನ ಅಲ್ ನಹ್ದಾ ಬಡಾವಣೆಯಲ್ಲಿ ಉಡುಪಿಯ ಶಾರದಕ್ಕನ ಫ್ಲ್ಯಾಟಿನಲ್ಲಿ ನಾನೊಂದು ರೂಮು ಹಿಡಿದಿದ್ದೆ. ಬಿಟ್‌ಕಾಯಿನ್ ಎಂಬ ಡಿಜಿಟಲ್ ಹಣದ ಲೆಕ್ಕ ಪರೀಕ್ಷಿಸುವ ನನ್ನದೇ 'ನೋಡ್' ನಡೆಸಬೇಕೆಂದು ಮೂಲೆಯಲ್ಲಿ ಪುಟ್ಟ ಕಂಪ್ಯೂಟರೊಂದನ್ನು ಇಟ್ಟೆ. ಇಲ್ಲಿಯವರೆಗೆ ನಡೆದ ಬಿಟ್‌ಕಾಯಿನ್ ವ್ಯವಹಾರಗಳನ್ನೆಲ್ಲ ಅದು ಇಳಿಸಿಕೊಂಡು ಒಂದೊಂದಾಗಿ ಪರೀಕ್ಷಿಸಬೇಕು. ಅದಕ್ಕೆ ದಿನಗಟ್ಟಲೆ ಹಿಡಿಯುತ್ತದೆ. ಇನ್ನೇನು ಮುಗಿಯಿತು ಅನ್ನುವಾಗ, ಆಫೀಸಿನಿಂದ ಬಂದು ನೋಡಿದರೆ ಯಾರೋ ಪ್ಲಗ್ ಕಿತ್ತು ಹಾಕಿದ್ದರು. ಇಳಿಸಿದ್ದೆಲ್ಲ ಕೆಟ್ಟು ಕೂತಿತ್ತು.

"ನಾನೇ ತೆಗೆದದ್ದು," ಎಂದರು ಶಾರದಕ್ಕ. "ಬಿಟ್‌ಕಾಯಿನ್ ಮಿಷನ್ ಕರೆಂಟ್ ತಿಂತದೆ, ಬೆಂಕಿ ಹಿಡೀತದೆ ಅಂತ ವಾಚ್‌ಮನ್ ಹೇಳಿದ. ಅದು ಬೇಕೇ ಬೇಕಾದ್ರೆ ನೀನು ಬೇರೆ ರೂಮ್ ನೋಡು ಮಾರಾಯ್ತಿ."

ನಾನು ಬಿಡಲಿಲ್ಲ. ಮತ್ತೆ ಮೊದಲಿನಿಂದ ಶುರುಮಾಡಿ, ಅವರ ಕೈ ಹಿಡಿದು ಕಂಪ್ಯೂಟರಿನ ಮೇಲೆ ಇಡಿಸಿದೆ. "ವಾಚ್‌ಮನ್ ಹೇಳಿದ್ದು ಬಿಟ್‌ಕಾಯಿನ್ ಹುಟ್ಟಿಸೋ ಮಿಷನ್, ಇದು ಅದಲ್ಲ ಅಕ್ಕ. ಒಂದು ಬಲ್ಬಿನಷ್ಟು ಕರೆಂಟ್ ಸಾಕು."

"ಬೆಚ್ಚಗೆ ಉಂಟು, ಅಷ್ಟೆ. ಮತ್ತೆ ಇದು ಎಂತ ಮಾಡ್ತದೆ?"

"ಎಲ್ಲರ ವ್ಯವಹಾರ ಸರಿ ಇದೆಯಾ ಅಂತ ನೋಡುತ್ತೆ."

"ನಿನಗೆಂತ ಸಿಗ್ತದೆ?"

"ಏನೂ ಇಲ್ಲ. ಇನ್ನೊಬ್ಬರ ಮಾತು ನಂಬಿ ಕೂರಬೇಕಾಗಿಲ್ಲ, ಅಷ್ಟೆ."

ಶಾರದಕ್ಕ ಇನ್ನೊಮ್ಮೆ ಮುಟ್ಟಿ ನೋಡಿದರು. "ಆಯ್ತು, ಇರಲಿ. ಬಿಸಿ ಹೆಚ್ಚಾದ್ರೆ ಮಾತ್ರ ಖಲಾಸ್."

ಈ ಸಲ ಪೂರ್ತಿ ಮುಗಿಯಿತು. ಖುಷಿ ತಡೆಯಲಾರದೆ ಅವರನ್ನು ಕರೆದು ತೋರಿಸಿದೆ. ಶಾರದಕ್ಕ ಪರದೆಯನ್ನೇ ದಿಟ್ಟಿಸಿ, ದನಿ ತಗ್ಗಿಸಿ ಕೇಳಿದರು: "ಇದರಲ್ಲಿ ಎದುರು ಫ್ಲ್ಯಾಟಿನವರ ವ್ಯವಹಾರವೂ ಕಾಣ್ತದಾ?"

ಯಾರ ಹೆಸರೂ ಕಾಣುವುದಿಲ್ಲ ಎಂದೆ. ಇಷ್ಟಕ್ಕೇ ಅಷ್ಟೆಲ್ಲ ಒದ್ದಾಡಿದೆಯಾ ಅನ್ನುವಂತೆ ನನ್ನನ್ನು ನೋಡಿ ಅಡುಗೆಮನೆಗೆ ಹೋದರು.