ಕಣ್ಣಿಲ್ಲದ ಮೂವರಿಗೆ ನಾನು ಬರೆದ ಕಣ್ಣು

ಆ ಕಣ್ಣುಗಳನ್ನು ಬರೆದವನು ನಾನು, ಮೌನೇಶ. ನೀನಲ್ಲ. ಪ್ರೆಸ್ಸಿನವರೂ ಅಲ್ಲ. ಸಿಂಧನೂರಿನ ಪ್ರೆಸ್ಸಿನ ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತು, ಹಾಡುಹಗಲಲ್ಲಿ, ನನ್ನದೇ ಶಾಯಿ ಪೆನ್ನಿನಿಂದ, ನೀನು ಖಾಲಿ ಬಿಟ್ಟಿದ್ದ ಜಾಗದಲ್ಲೆಲ್ಲ ಬರೆದೆ. ನಿನ್ನ ಅಪ್ಪ ಕೇಳಿದಾಗ ಸುಳ್ಳು ಹೇಳಿದೆ. ನೀನು ಕೇಳಿದಾಗ ಇನ್ನೊಂದು ಸುಳ್ಳು ಹೇಳಿದೆ. ಇಷ್ಟು ಹೇಳಲಿಕ್ಕೆ ನನಗೆ ಒಂದು ಆಯುಷ್ಯವೇ ಬೇಕಾಯಿತು — ಹೇಳಿಬಿಟ್ಟ ಮೇಲೆ ನೋಡಿದರೆ ನಾಲ್ಕಾರು ಸಾಲಿನ ಮಾತು.

ಇದು ನಿನ್ನೊಬ್ಬನ ಕಿವಿಯಲ್ಲಿ ಹೇಳಿ ಮುಗಿಸುವ ವಿಷಯವಲ್ಲ. ನಿನ್ನ ಹೆಸರು ಕೆಟ್ಟದ್ದು ನಾಲ್ಕು ಜನರ ನಡುವೆ. ಅದಕ್ಕೇ ನಮ್ಮಿಬ್ಬರನ್ನೂ ಅರಿಯದವರಿಗೂ ತಿಳಿಯುವ ಹಾಗೆ ಮೊದಲಿನಿಂದ ಹೇಳುತ್ತೇನೆ.

ನಾನು ಶಂಕ್ರಪ್ಪ, ಮಸ್ಕಿ ಬಸ್‌ಸ್ಟ್ಯಾಂಡಿನ ಎದುರು ಹೊಲಿಗೆ ಮಷೀನು ಇಟ್ಟುಕೊಂಡ ಸಿಂಪಿಗ. ಮೌನೇಶ ಲಿಂಗಸುಗೂರು ಕಡೆಯ ಒಂದು ಊರಿನ ಬಡಿಗೇರ ಕಾಳಪ್ಪನ ಮಗ. ಮಸ್ಕಿಗೆ ಬಂದು ಅಂಗಡಿಗಳ ಬೋರ್ಡು ಬರೆಯುತ್ತಿದ್ದ. ನನಗಿಂತ ಸಣ್ಣವ, ಜಂಬ ಮಾತ್ರ ಹೇರಳ. ಕಿರಾಣಿ ಅಂಗಡಿಯ ಬೋರ್ಡಿನಲ್ಲಿ ಮಾಲೀಕನ ಹೆಸರಿಗಿಂತ ತನ್ನ ಸಹಿಯನ್ನೇ ದೊಡ್ಡದಾಗಿ ಬರೆದು ಬೈಸಿಕೊಂಡವನು. ಕೆಲಸವಿಲ್ಲದಾಗ ನನ್ನ ಅಂಗಡಿಯ ಕಟ್ಟೆಗೆ ಬಂದು ಕೂತು, ಕತ್ತರಿಸಿ ಬಿದ್ದ ಕಾಗದದ ಅಳತೆಗಳ ಮೇಲೆ ಗೀಚುತ್ತಿದ್ದ. ನನಗೆ ಕಥೆಯ ಹುಚ್ಚು, ಅವನಿಗೆ ಚಿತ್ರದ ಹುಚ್ಚು. ಹೀಗೆ ಹುಟ್ಟಿದವನು ಹುಲಿಗೆಪ್ಪ — ಮಸ್ಕಿಯ ಗುಡ್ಡ ಹತ್ತಿ, ದಿನಾ ಸಂಜೆ ಆಕಾಶಕ್ಕೆ ಚುಕ್ಕಿಗಳನ್ನು ಕುರಿಯ ಹಾಗೆ ಮೇಯಲು ಬಿಡುವ ನಮ್ಮ ನಾಯಕ. ನಾನು ಮಾತು ಬರೆದೆ, ಮೌನೇಶ, ನೀನು ಚಿತ್ರ ಬರೆದೆ. ಬಸ್ಸಿನ ಕಿಟಕಿಯ ಹತ್ತಿರ ಕಡಲೆಯ ಜೊತೆಗೇ ಆ ಚಿತ್ರಕಥೆಯ ಪುಸ್ತಕವೂ ಮಾರಾಟವಾಯಿತು. ಮುಂದೇನಾಯ್ತು ಎಂದು ಹುಡುಗರು ಅಂಗಡಿಗೇ ಬಂದು ಕಾಡತೊಡಗಿದರು.

ಎರಡನೆಯ ಭಾಗಕ್ಕೆ ದೊಡ್ಡ ವೈರಿಗಳು ಬೇಕಿತ್ತು. ತೋಳ, ಕಳ್ಳ ಎಲ್ಲ ಮೊದಲ ಭಾಗಕ್ಕೇ ಮುಗಿದಿದ್ದರು. ಆಗ ನಮ್ಮ ಕಡೆ ಎಲ್ಲರ ಬಾಯಲ್ಲೂ ಕಾಲುವೆಯದೇ ಮಾತು. ಸಿಂಧನೂರಿನ ಕಡೆ ಹೋದರೆ ಒಂದು ಹೊಲದಲ್ಲಿ ಭತ್ತದ ನೀರು ಬದು ದಾಟಿ ಹರಿಯುತ್ತಿತ್ತು. ಅದೇ ಕಾಲುವೆಯ ಕೊನೆಯ ಹೊಲದವರು ಒಣ ಕಾಲುವೆಯಲ್ಲಿ ನಿಂತು ಮೇಲಿನವರನ್ನು ಶಪಿಸುತ್ತಿದ್ದರು. ಅದನ್ನೇ ನಾನು ಆಕಾಶಕ್ಕೆ ಒಯ್ದೆ. ಸೂರ್ಯ ಹುಟ್ಟುವುದಕ್ಕೂ ಮೊದಲು ಹುಟ್ಟಿದ ಮೂವರು, ದೇವರುಗಳೂ ಕೈಮುಗಿಯುವ ಬೆಳಕಿನ ಒಡೆಯರು. ಲೋಕಲೋಕಕ್ಕೂ ಬೆಳಕು ಹರಿಯುವ ತೂಬಿನ ಗೇಟು ಅವರ ಕೈಯಲ್ಲಿ. ಮೇಲಿನ ಲೋಕಗಳು ಬೆಳಕಿನಲ್ಲಿ ಮುಳುಗಿ ಕೊಳೆಯುತ್ತವೆ, ಕೊನೆಯ ಲೋಕಗಳಲ್ಲಿ ಚುಕ್ಕಿಗಳು ಒಂದೊಂದೇ ಆರಿಹೋಗುತ್ತವೆ. ಹೇಳಿದಾಗ ನೀನು ತೊಡೆ ತಟ್ಟಿಕೊಂಡು ಎದ್ದು ನಿಂತೆ. ಮರುಕ್ಷಣವೇ ಮತ್ತೆ ಕೂತೆ. ಅಪ್ಪನನ್ನು ಕೇಳಬೇಕು ಅಂದೆ.

ಯಾಕೆ ಕೇಳಬೇಕಿತ್ತು ಎನ್ನುವುದೇ ಈ ಕಥೆಯ ಗಂಟು. ನಿಮ್ಮ ಮನೆತನ ದ್ಯಾವಮ್ಮನಿಗೆ ಕಣ್ಣು ಬಿಡಿಸುವ ಮನೆತನ. ನಿಮ್ಮೂರಿನ ಗ್ರಾಮದೇವತೆ ದ್ಯಾವಮ್ಮ ಕಟ್ಟಿಗೆಯ ಮೂರ್ತಿ. ಎಷ್ಟೋ ವರ್ಷಕ್ಕೊಮ್ಮೆ ಹಳೆಯ ಬಣ್ಣ ಕೆರೆದು ಹೊಸದು ಹಚ್ಚುತ್ತಾರೆ. ಸೀರೆ, ಬಳೆ, ಮೂಗುತಿ ಎಲ್ಲ ಬಣ್ಣವನ್ನೂ ಜನರೆದುರೇ ಹಚ್ಚಬಹುದು, ಕಣ್ಣು ಮಾತ್ರ ಹಾಗಲ್ಲ. ಅವತ್ತು ಹೊಸ ಪರದೆ ಕಟ್ಟುತ್ತಾರೆ. ನಿಮ್ಮ ಮನೆಯವನೊಬ್ಬ ಉಪವಾಸವಿದ್ದು, ಕುಂಚ ಮತ್ತು ಕನ್ನಡಿ ಹಿಡಿದು ಒಳಗೆ ಹೋಗಿ ಕಣ್ಣಿನ ಕರಿಬೊಟ್ಟು ಇಡುತ್ತಾನೆ. ತಾಯಿಯ ಮೊದಲ ನೋಟ ಕನ್ನಡಿಯ ಮೇಲೆ ಬೀಳುತ್ತದೆ. ಆ ಪರದೆ ಹೊಲಿದುಕೊಡುವುದು ನಮ್ಮ ಮನೆತನದ ಹಕ್ಕು — ಅಪ್ಪನ ಕಾಲದಿಂದ ನಮ್ಮ ನಿಮ್ಮ ನಂಟು ಅದೇ.

ಕಣ್ಣು ಬಿಡಿಸುವ ಕೈಗೆ ಒಂದು ಕಟ್ಟುಪಾಡು ಇತ್ತು. ಮನುಷ್ಯರು, ಎತ್ತು, ಕುದುರೆ — ಏನನ್ನಾದರೂ ಬರೆಯಬಹುದು. ಆದರೆ ದೇವರ ರೂಪದ್ದು, ಕಿರೀಟ ಹೊತ್ತದ್ದು, ಹಲವು ಕೈಯದ್ದು ಯಾವುದಕ್ಕೂ ವಿಧಿಯಿಲ್ಲದೆ ಕಣ್ಣು ಬರೆಯಬಾರದು. ಬರೆದ ಕೈ ಮತ್ತೆ ದ್ಯಾವಮ್ಮನ ಕಣ್ಣು ಮುಟ್ಟುವ ಹಾಗಿಲ್ಲ. ಕಾಳಪ್ಪ ಕಾಕಾನಿಗೆ ಆಗಲೇ ನೋಟ ಮಸುಕಾಗಿತ್ತು. ಮುಂದಿನ ಸರದಿ ನಿನ್ನದು ಎಂದು ಊರೆಲ್ಲ ಬಲ್ಲದು. ಎಲ್ಲವನ್ನೂ ನಗೆಯಾಡುತ್ತಿದ್ದ ನೀನು ಅದೊಂದರ ಮಾತು ಬಂದರೆ ನಗುತ್ತಿರಲಿಲ್ಲ. ಉಸಿರು ಹಿಡಿದು ಹಲಗೆಯ ಮೇಲೆ ಒಂದೇ ಬೊಟ್ಟು ಇಡುವುದನ್ನು ಸಣ್ಣವನಿದ್ದಾಗಿನಿಂದ ರೂಢಿ ಮಾಡಿಕೊಂಡವನು ನೀನು.

ಆ ಮೂವರಿಗೆ ಕಿರೀಟವಿತ್ತು, ಆಕಾಶದ ತುಂಬ ಕೈಗಳಿದ್ದವು. ಕಣ್ಣು ಬರೆಯುವುದಿಲ್ಲ ಎಂದು ನೀನು ಅಪ್ಪನ ಕಾಲು ಮುಟ್ಟಿ ಮಾತು ಕೊಟ್ಟೆ. ಹಾಳೆಗಳನ್ನು ತಂದು ನನ್ನ ಮಷೀನಿನ ಮೇಲೆ ಹರಡಿದೆ. ಹುಬ್ಬಿನ ಕೆಳಗೆ ಬರೀ ಬಿಳಿ. ನನಗೆ ಸಮಾಧಾನವಾಗಲಿಲ್ಲ. ಗುಂಡಿ ಹಚ್ಚದ ಅಂಗಿಯನ್ನು ಗಿರಾಕಿಗೆ ಕೊಟ್ಟ ಹಾಗೆ ಅನ್ನಿಸಿತು. ನಿನಗೆ ಹಾಗೇ ಹೇಳಿದೆ ಕೂಡ.

"ಇವು ಯಾರನ್ನೂ ನೋಡಾಂಗಿಲ್ಲ, ಶಂಕ್ರಣ್ಣ," ಅಂದೆ ನೀನು. "ನೋಡಿದ್ರ ಇಷ್ಟು ಕೆಟ್ಟದ್ದು ಮಾಡಾಕ ಆಗ್ತಿದ್ದಿಲ್ಲ."

ನಾನು ಹ್ಞೂಂ ಅಂದೆ. ಕೇಳಿಸಿಕೊಳ್ಳಲಿಲ್ಲ. ಕಥೆ ನನ್ನದು, ಇವನು ಬಣ್ಣ ಬಳಿಯುವವನು — ಇಂಥದ್ದೊಂದು ಸೊಕ್ಕು ಒಳಗೆ ಇತ್ತು. ಇಲ್ಲವೆಂದರೆ ಇನ್ನೊಂದು ಸುಳ್ಳಾದೀತು.

ಸಿಂಧನೂರಿನ ಪ್ರೆಸ್ಸಿಗೆ ಹಾಳೆ ಒಯ್ದವನು ನಾನೊಬ್ಬನೇ. ಪ್ರೆಸ್ಸಿನವನು ಒಂದೊಂದೇ ತಿರುವಿ ನೋಡಿ, ಇವಕ್ಕೆ ಕಣ್ಣೇ ಇಲ್ಲವಲ್ಲ ಎಂದು ನಕ್ಕ. ಅಷ್ಟೇ. ಬರೆ ಅನ್ನಲಿಲ್ಲ, ಬೇಕು ಅನ್ನಲಿಲ್ಲ. ನಾನೇ ನಾಚಿಕೊಂಡು, ಇನ್ನೂ ಸ್ವಲ್ಪ ಕೆಲಸ ಬಾಕಿ ಇದೆ, ಈಗ ಮುಗಿಸಿಕೊಡುತ್ತೇನೆ ಎಂದೆ. ಬೆಂಚಿನ ಮೇಲೆ ಕೂತೆ. ಮೊದಲ ಕಣ್ಣನ್ನು ತೀರ ಸಣ್ಣದಾಗಿ ಬರೆದೆ. ಆಮೇಲೆ ರುಚಿ ಹತ್ತಿತು. ನಿನ್ನ ಅಪ್ಪನ ಮಾತು ನೆನಪಿರಲಿಲ್ಲ ಎಂದುಕೊಳ್ಳಬೇಡ — ನೆನಪಿತ್ತು. ಅಚ್ಚಾದ ಪುಸ್ತಕದಲ್ಲಿ ಯಾರು ನೋಡುತ್ತಾರೆ ಅಂದುಕೊಂಡೆ.

ಎಲ್ಲರೂ ನೋಡಿದರು. ಪುಸ್ತಕ ಮೊದಲನೆಯದಕ್ಕಿಂತ ಜೋರಾಗಿ ಓಡಿತು. ಆ ಕಣ್ಣು ನೋಡಿದರೆ ಅಂಜಿಕೆ ಆಗುತ್ತದೆ ಎಂದು ಹುಡುಗರು ಹೇಳಿದಾಗ ನಾನು ಮೀಸೆಯಡಿ ನಕ್ಕಿದ್ದೇನೆ. ನೀನು ಬೋರ್ಡಿನ ಕೆಲಸಕ್ಕೆ ಸಾಲಗುಂದದ ಕಡೆ ಹೋಗಿದ್ದೆ, ಇನ್ನೂ ಪುಸ್ತಕ ನೋಡಿರಲಿಲ್ಲ. ನಿನಗಿಂತ ಮೊದಲು ಅದು ಕಾಳಪ್ಪ ಕಾಕಾನ ಕೈಗೆ ಸಿಕ್ಕಿತು.

ಕಾಕಾ ನಿನ್ನನ್ನು ಕರೆದುಕೊಂಡು ಅಂಗಡಿಗೆ ಬಂದ. ಸಂತೆಯ ದಿನ, ಕಟ್ಟೆಯ ತುಂಬ ಗಿರಾಕಿಗಳು. ಪುಸ್ತಕ ತೆರೆದು ನನ್ನ ಮಷೀನಿನ ಮೇಲಿಟ್ಟ. ಸಿಟ್ಟಿನಲ್ಲಿ ಇರಲಿಲ್ಲ, ಸಿಟ್ಟಿದ್ದಿದ್ದರೆ ನನಗೆ ಹಗುರಾಗುತ್ತಿತ್ತು.

"ಶಂಕ್ರಪ್ಪ, ತಾಯಿ ಪರದೆ ಹೊಲಿಯೂ ಕೈ ನಿಂದು. ನೀ ಹೇಳಿದ್ರ ನಂಬತೀನಿ. ಇಂವಾ ತಾ ಬರದಿಲ್ಲ ಅಂತಾನ. ಈ ಕಣ್ಣು ಯಾರು ಬರದಾರ?"

ನೀನು ನನ್ನ ಮುಖವನ್ನೇ ನೋಡುತ್ತಿದ್ದೆ. ಭಯವಿರಲಿಲ್ಲ ನಿನಗೆ. ಶಂಕ್ರಣ್ಣ ಹೇಳುತ್ತಾನೆ, ಮುಗಿಯುತ್ತದೆ ಎಂಬ ಧೈರ್ಯ. ನನಗೋ ಕೇಳಿಸಿದ್ದು ಪರದೆಯ ಮಾತೊಂದೇ. ನಿಜ ಹೇಳಿದರೆ ನಮ್ಮ ಮನೆಯ ಹಕ್ಕು ಹೋಗುತ್ತದೆ, ನಾಳೆಯಿಂದ ಆ ಊರಿನಲ್ಲಿ ತಲೆ ಎತ್ತುವ ಹಾಗಿಲ್ಲ. ಕೊರಳಿನ ಟೇಪನ್ನು ಕೈಗೆ ಸುತ್ತಿಕೊಳ್ಳುತ್ತ ಹೇಳಿದೆ:

"ಮೌನೇಶ ಹೆಂಗ ಕೊಟ್ಟಾನೋ ಹಂಗ ಒಯ್ದು ಕೊಟ್ಟೀನಿ, ಕಾಕಾ."

ಪುಸ್ತಕ ಮುಚ್ಚಿ ಕಾಕಾ ಹೊರಟುಹೋದ. ನೀನು ಅವನ ಹಿಂದೆಯೇ ಹೋದೆ. ಆಮೇಲೆ ಎರಡು ದಿನ ಬಿಟ್ಟು ಒಬ್ಬನೇ ಬಂದೆ. ಬೈಯಲಿಲ್ಲ. ಪ್ರೆಸ್ಸಿನವರು ಬರೆದಿರಬಹುದೇನು ಎಂದು ಕೇಳಿದೆ — ಮೆತ್ತಗೆ, ನನಗೇ ಒಂದು ದಾರಿ ಬಿಟ್ಟುಕೊಡುವವನ ಹಾಗೆ. ನಾನು ಆ ದಾರಿಯಲ್ಲೇ ನುಸುಳಿಕೊಂಡೆ. ಇರಬಹುದು, ಯಾರಿಗೆ ಗೊತ್ತು, ಎಂದೆ. ನೀನು ತಲೆಯಾಡಿಸಿ ಎದ್ದೆ. ನನ್ನ ಕಟ್ಟೆಯ ಮೇಲೆ ನೀನು ಕೂತದ್ದು ಅದೇ ಕೊನೆ.

ಬಣ್ಣದ ವರ್ಷ ಬಂದಾಗ ನಿನ್ನ ಚಿಕ್ಕಪ್ಪನ ಮಗ ಪರದೆಯ ಒಳಗೆ ಹೋದ. ಪರದೆ ಹೊಲಿದವನು ನಾನು. ಕೆಂಪು ಬಟ್ಟೆ, ಅಂಚಿಗೆ ಹಳದಿ, ಒಂದು ಹೊಲಿಗೆ ತಪ್ಪದ ಹಾಗೆ. ನೀನು ಜನರ ಹಿಂದೆ, ಗೋಡೆಗೆ ಒರಗಿ ನಿಂತಿದ್ದೆ. ಎಲ್ಲರೂ ಪರದೆಯ ಕಡೆ ನೋಡುತ್ತಿದ್ದಾಗ ನಿನ್ನ ಬಲಗೈ ಬೆರಳುಗಳು ಕುಂಚ ಹಿಡಿದ ಹಾಗೆ ಕೂಡಿಕೊಂಡಿದ್ದವು. ನಾನು ಅದನ್ನು ನೋಡಿದೆ. ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಊಟ ಮಾಡಿ, ಉಡುಗೊರೆಯ ಆಯಾರ ತಗೊಂಡು, ಬಸ್ಸು ಹತ್ತಿ ಮಸ್ಕಿಗೆ ಬಂದೆ.

ಆಮೇಲೆ ನೀನು ಸಿಂಧನೂರು ಸೇರಿ ಟ್ರ್ಯಾಕ್ಟರಿಗೆ ಹೆಸರು ಬರೆಯುವ ಕೆಲಸ ಹಿಡಿದೆ. ಹುಲಿಗೆಪ್ಪನನ್ನು ಮತ್ತೆ ಬರೆಯಲಿಲ್ಲ. ಮಗ ಮಾತಿಗೆ ತಪ್ಪಿದ ಎಂದುಕೊಂಡೇ ಕಾಳಪ್ಪ ಕಾಕಾ ಹೋಗಿಬಿಟ್ಟ. ಅದನ್ನು ಇನ್ನು ಯಾರಿಂದಲೂ ಸರಿ ಮಾಡಲಿಕ್ಕಾಗುವುದಿಲ್ಲ. ನನ್ನಿಂದಂತೂ ಆಗುವುದಿಲ್ಲ.

ಇನ್ನೊಂದು ಹೇಳಬೇಕು. ಎಷ್ಟೋ ವರ್ಷದ ಮೇಲೆ ಆ ಪುಸ್ತಕ ಮತ್ತೆ ತೆಗೆದು ನೋಡಿದೆ. ಹುಲಿಗೆಪ್ಪ ಮೂವರನ್ನು ಕೋಲಿನಿಂದ ಹೊಡೆದು ಗೆಲ್ಲುತ್ತಾನೆ ಎಂದು ನಾನು ಬರೆದಿದ್ದೆ. ನಿನ್ನ ಕೊನೆಯ ಚಿತ್ರದಲ್ಲಿ ಕೋಲು ನೆಲದ ಮೇಲಿದೆ. ಮೂವರೂ ನಮಗೆ ಬೆನ್ನು ಮಾಡಿ ಬಗ್ಗಿದ್ದಾರೆ, ಹುಲಿಗೆಪ್ಪನ ಬೆರಳು ಒಬ್ಬನ ಮುಖದ ಹತ್ತಿರವಿದೆ, ದೂರದಲ್ಲಿ ಆರಿದ ಚುಕ್ಕಿಗಳಿಗೆ ಬೆಳಕು ಹರಿಯುತ್ತಿದೆ. ಅವನು ಅವರಿಗೆ ಕಣ್ಣು ಬಿಡಿಸುತ್ತಿದ್ದಾನೆ! ತಾವು ಮಾಡಿದ್ದನ್ನು ಅವರು ಮೊದಲ ಸಲ ನೋಡುತ್ತಾರೆ, ನೋಡಿದ ಕೂಡಲೇ ಗೇಟು ತೆರೆಯುತ್ತಾರೆ. ಬೆನ್ನು ಮಾಡಿಸಿ ನೀನು ಅಪ್ಪನಿಗೆ ಕೊಟ್ಟ ಮಾತನ್ನೂ ಉಳಿಸಿಕೊಂಡಿದ್ದೆ, ನನ್ನದಕ್ಕಿಂತ ಮಿಗಿಲಾದ ಕಥೆಯನ್ನೂ ಹೇಳಿದ್ದೆ. ಮೊದಲ ಪುಟದಿಂದಲೇ ಕಣ್ಣು ಬರೆದು ನಾನು ಅದನ್ನೂ ಹಾಳು ಮಾಡಿದೆ. ಅವತ್ತು ಅಂಗಡಿಯ ಬಾಗಿಲು ಮುಂದೆ ಮಾಡಿಕೊಂಡು ಅತ್ತೆ.

ಈ ವರ್ಷ ದ್ಯಾವಮ್ಮನಿಗೆ ಮತ್ತೆ ಬಣ್ಣ. ನಿನ್ನ ಚಿಕ್ಕಪ್ಪನ ಮಗ ಈಗ ಇಲ್ಲ. ಹಿರಿಯರು ಯಾರನ್ನು ಒಳಗೆ ಕಳಿಸಬೇಕೆಂದು ಯೋಚಿಸುತ್ತಿದ್ದಾರಂತೆ. ಮೌನೇಶನಿಗೆ ಹೇಳೋಣವೆಂದರೆ ಅವನದು ಆಗಲೇ ಕೆಟ್ಟ ಕೈ, ಅಲ್ಲದೆ ಕಣ್ಣಿಗೆ ಪೊರೆ ಬಂದು ದಾರಿಯೇ ಕಾಣುವುದಿಲ್ಲ ಎಂದು ಪರದೆಯ ಬಟ್ಟೆ ತಂದುಕೊಟ್ಟವರೇ ಹೇಳಿದರು. ನಿನ್ನ ಕಣ್ಣಿನ ಸುದ್ದಿ ನನಗೆ ಗೊತ್ತಾದದ್ದು ಹೀಗೆ. ನಿನಗೆ ಕಾಣುತ್ತಿದ್ದ ವರ್ಷಗಳನ್ನೆಲ್ಲ ನಾನು ಸುಮ್ಮನಿದ್ದು ತಿಂದುಬಿಟ್ಟೆ, ಮೌನೇಶ.

ಬಟ್ಟೆಗೆ ಕತ್ತರಿ ಹಾಕಿಲ್ಲ. ಅದನ್ನು ಮಡಿಚಿದಂತೆಯೇ ಒಯ್ದು ಹಿರಿಯರ ಮುಂದಿಡುತ್ತೇನೆ, ನಮ್ಮ ಮನೆಗೆ ಇನ್ನು ಈ ಹಕ್ಕು ಬೇಡ ಎನ್ನುತ್ತೇನೆ. ಯಾಕೆಂದು ಕೇಳುತ್ತಾರೆ. ಕಾಳಪ್ಪ ಕಾಕಾ ಕೇಳಿದ್ದಕ್ಕೆ ಅವತ್ತು ಕೊಡದ ಉತ್ತರವನ್ನು ಅಲ್ಲಿ ಕೊಡುತ್ತೇನೆ, ಅದೇ ಮಾತಿನಲ್ಲಿ, ಎಲ್ಲರಿಗೂ ಕೇಳುವ ಹಾಗೆ. ನೀನು ಕ್ಷಮಿಸು ಎಂದು ಬೇಡುವುದಿಲ್ಲ. ನಮ್ಮ ಕಥೆಯ ಆ ಮೂವರು ಕಣ್ಣಿಲ್ಲದೆ ಕೆಟ್ಟದ್ದು ಮಾಡಿದರು. ನಾನು ನಿನ್ನ ಮುಖ ನೋಡುತ್ತಲೇ ಮಾಡಿದೆ.