ಹಳದಿಗೆ ಬಿಳಿ ಕೂಡಿಸಿದರೆ

ನೀರುಬಣ್ಣದ ಬಾಟಲಿ ಕಂಡರೆ ನನಗೆ ಈಗಲೂ ವಾಕರಿಕೆ ಬರುತ್ತದೆ. ವಾಸನೆಗಲ್ಲ. ವಾಸನೆಯೂ ಗಬ್ಬೇ, ಆ ಮಾತು ಬೇರೆ.

ಯಲಬುರ್ಗಾ ಕಡೆಯ ಒಂದು ಹಳ್ಳಿಯ ಸರಕಾರಿ ಶಾಲೆಯಲ್ಲಿ ನಾನು ಒಂದನೇ, ಎರಡನೇ ತರಗತಿಯ ಟೀಚರ್. ಎರಡು ಬಣ್ಣ ಕೂಡಿದರೆ ಮೂರನೆಯದು ಹುಟ್ಟುವುದನ್ನು ಮಕ್ಕಳಿಗೆ ತೋರಿಸಬೇಕಾದವಳು ನಾನೇ. ಅದಕ್ಕೆಂದು ಬಂದಿದ್ದ ಬಣ್ಣದ ಪೆಟ್ಟಿಗೆಯನ್ನು ಹೆಡ್ಮಾಸ್ತರರು ಬೀರುವಿನೊಳಗಿಟ್ಟು ಕೀಲಿ ಹಾಕಿಬಿಟ್ಟಿದ್ದರು.

"ಸಾಹೇಬ್ರು ಬರೋ ದಿನ ತೆಗಿಯೂಣ್ರಿ. ಹುಡುಗ್ರ ಕೈಯಾಗ ಕೊಟ್ರ ಒಂದ ದಿನಕ್ಕ ಖಾಲಿ."

ಸರಿ, ಬಣ್ಣವಿಲ್ಲದೆಯೇ ಬಣ್ಣ ಕಲಿಸಿದೆ. ವಾರಗಟ್ಟಲೆ ಮೂವತ್ತು ಮಕ್ಕಳು ಮಗ್ಗಿ ಒದರಿದ ಹಾಗೆ ಒದರಿದವು: ಕೆಂಪಿಗೆ ಹಳದಿ ಕೂಡಿಸಿದರೆ ಕಿತ್ತಳೆ, ನೀಲಿಗೆ ಹಳದಿ ಕೂಡಿಸಿದರೆ ಹಸಿರು. ಥೂ! ಅದೂ ಒಂದು ಪಾಠವೇ?

ಆ ಮೂವತ್ತರಲ್ಲಿ ಒಬ್ಬಳು ಮಾತ್ರ ಒದರುತ್ತಿರಲಿಲ್ಲ. ಎರಡನೇ ತರಗತಿಯ ಹುಡುಗಿ, ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ. "ನೋಡದ ಹೆಂಗ ಹೇಳ್ಲಿರಿ ಅಕ್ಕೋರ?" ಎಂದು ನನ್ನನ್ನೇ ಕೇಳುತ್ತಿದ್ದಳು. ಎಲೆ ಹಸಿರು ಎಂದು ನಾನು ಹೇಳಿದ ಮರುದಿನ ಬೇವಿನ ಚಿಗುರು ಕಿತ್ತು ತಂದು, "ಇದು ಕೆಂಪ ಐತಲ್ರಿ?" ಎಂದು ಮೂಗಿನ ಮುಂದೆ ಹಿಡಿದಿದ್ದಳು. ಕಂಡದ್ದನ್ನು ಕಂಡ ಹಾಗೆ ಹೇಳುವ ಮಗು ನನ್ನ ಇಷ್ಟು ವರ್ಷದ ನೌಕರಿಯಲ್ಲಿ ಸಿಕ್ಕಿದ್ದು ಅದೊಂದೇ. ಬೇರೇನೂ ಕಲಿಸದಿದ್ದರೂ ಆ ಗುಣವನ್ನಾದರೂ ಕಾಯಬೇಕು ಎಂದುಕೊಂಡಿದ್ದೆ.

ಶಾಲೆಯ ತಪಾಸಣೆಗೆ ಸಾಹೇಬರು ಕೊಪ್ಪಳದಿಂದ ಬಂದರು. ಅವತ್ತು ನಮ್ಮ ಹೆಡ್ಮಾಸ್ತರರನ್ನು ನೋಡಬೇಕಿತ್ತು, ಹೌದಪ್ಪನ ಚಾವಡಿಯಲ್ಲಿ ಹೌದಪ್ಪ! ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದ ಎಣ್ಣೆಗೈಯನ್ನು ಸಾಹೇಬರು ಮಕ್ಕಳು ಬಿಡಿಸಿದ ಚಿತ್ರದ ಹಾಳೆಗೆ ಒರೆಸಿಕೊಂಡರೂ ಇವರು ಹಲ್ಲು ಗಿಂಜುತ್ತಲೇ ನಿಂತಿದ್ದರು. ಆಮೇಲೆ ಪೆಟ್ಟಿಗೆ ತೆರೆದರು. ಅರ್ಧ ಬಾಟಲಿಗಳು ಒಣಗಿ ಹೆಪ್ಪುಗಟ್ಟಿದ್ದವು, ಉಳಿದವು ಹಳಸಿದ ಅಂಬಲಿಯಂತೆ ನಾರುತ್ತಿದ್ದವು. ಮಕ್ಕಳು ಕಲಿತದ್ದನ್ನು ಒದರಿದವು.

"ಛಲೋ," ಎಂದರು ಸಾಹೇಬರು. "ಹಳದಿಗೆ ಬಿಳಿ ಕೂಡಿಸಿದ್ರ ಏನಾಗತೈತಿ?"

ಅದನ್ನು ನಾವು ಬಾಯಿಪಾಠ ಮಾಡಿಸಿರಲಿಲ್ಲ. ಎರಡು ಜಡೆಯವಳು ಎದ್ದು ನಿಂತಳು.

"ಕೆಂಪ ಆಗತೈತ್ರಿ."

ಸಾಹೇಬರು ಹೊಟ್ಟೆ ಕುಣಿಸಿ ನಕ್ಕರು. "ಯಾರವ್ವಾ ನಿನಗ ಕಲಿಸಿದ್ದು?"

"ನಮ್ಮ ಆಯಿ ಮಾಡ್ತಾಳ್ರಿ. ಅರಿಷಿಣಕ್ಕ ಸುಣ್ಣ ಹಾಕಿ..."

"ಏ, ಕುಂದ್ರು!" ಎಂದರು ಹೆಡ್ಮಾಸ್ತರರು.

ಅವಳು ಹೇಳಿದ್ದರಲ್ಲಿ ಸುಳ್ಳೇನಿತ್ತು? ಅರಿಷಿಣದ ನೀರಿಗೆ ಚಿಟಿಕೆ ಸುಣ್ಣ ಬಿದ್ದರೆ ರಕ್ತದಂತೆ ಕೆಂಪಾಗುತ್ತದೆ. ಮದುಮಕ್ಕಳಿಗೆ, ಬಾಣಂತಿಗೆ ನಾವು ಎತ್ತುವ ಆರತಿಯ ನೀರು ಅದೇ. ನಾನೇ ಎಷ್ಟೋ ಸಲ ಕಲಸಿದ್ದೇನೆ. ಸಾಹೇಬರ ಮನೆಯಲ್ಲೂ ಕಲಸುತ್ತಾರೆ. ನನ್ನ ಬಾಯಿಂದ ಒಂದು ಮಾತು ಬಂದಿದ್ದರೆ ಸಾಕಿತ್ತು. ಅವಳು ಕೂರದೆ ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು.

"ಏನ್ರಿ ಟೀಚರ್, ಇದು?" ಎಂದರು ಸಾಹೇಬರು.

ನಾನು ನಕ್ಕೆ. "ಆಕಿ ಸ್ವಲ್ಪ ದಡ್ಡಿ ಅದಾಳ್ರಿ ಸರ್," ಎಂದೆ.

ನನ್ನ ಬಾಯಿಗೆ ಹುಳ ಬೀಳಲಿ! ನೌಕರಿಗೆ ಕುತ್ತು ಬರುತ್ತಿತ್ತೇ? ಇಲ್ಲ. ಬೈಯುತ್ತಿದ್ದರೇ? ಅದೂ ಇಲ್ಲ. ದೊಡ್ಡವರು ನಕ್ಕರು, ನಾನೂ ನಕ್ಕೆ, ಅಷ್ಟೇ.

ಸಾಹೇಬರು ಅವಳ ಕೈಯಿಂದಲೇ ಬಾಟಲಿಯ ಹಳದಿಗೆ ಬಿಳಿ ಕಲಸಿಸಿದರು. "ಏನಾತು? ತಿಳಿ ಹಳದಿ. ಹತ್ತು ಸಲ ಹೇಳು." ಅವಳು ಕೈಕಟ್ಟಿ ನಿಂತು ಹತ್ತು ಸಲ ಹೇಳಿದಳು. ಪ್ರತಿ ಸಲವೂ ಮಕ್ಕಳು ನಕ್ಕವು. ಜೀಪು ಹೋದ ಮೇಲೆ ಪೆಟ್ಟಿಗೆ ಮತ್ತೆ ಬೀರುವಿಗೆ ಸೇರಿತು.

ಮನೆಗೆ ಬಂದು ಊಟದ ತಾಟಿನ ಮುಂದೆ ಕೂತೆ. ಆ ಎಣ್ಣೆಗೈ ನೆನಪಾದರೆ ಹೇಸಿಗೆ, ಹೆಡ್ಮಾಸ್ತರರ ಹಲ್ಲು ನೆನಪಾದರೆ ಹೇಸಿಗೆ. ನನ್ನ ನಗು ನೆನಪಾದಾಗ ಎದ್ದು ಕೈ ತೊಳೆದುಕೊಂಡೆ.

ಮರುದಿನ ಅಡುಗೆಮನೆಯ ಅರಿಷಿಣ, ಅತ್ತೆಯ ಎಲೆಚೀಲದ ಸುಣ್ಣ, ಒಂದು ಸ್ಟೀಲಿನ ತಾಟು ತಗೊಂಡು ಶಾಲೆಗೆ ಹೋದೆ. "ನಿನ್ನಿ ತಪ್ಪು ಆಕಿದಲ್ಲ, ನಂದು," ಎಂದು ಎಲ್ಲರೆದುರು ಹೇಳಿದೆ. ಅವಳನ್ನು ನನ್ನ ಪಕ್ಕಕ್ಕೆ ಕರೆದು ತಾಟಿಗೆ ನೀರು ಹಾಕಿ, ಅರಿಷಿಣ ಕದಡಿ, ಸುಣ್ಣ ಬಿಟ್ಟು ಬೆರಳಾಡಿಸಿದೆ. ತಾಟಿನ ತುಂಬ ಕೆಂಪು. ಮಕ್ಕಳು "ಅಯ್ಯ, ಕೆಂಪ! ಕೆಂಪ!" ಎಂದು ಕೂಗಿಕೊಂಡವು.

"ಈಗ ನೀ ನೋಡಿ ಹೇಳವಾ, ಯಾವ ಬಣ್ಣ?"

ಅವಳು ತಾಟು ನೋಡಿದಳು. ಬಾಗಿಲ ಕಡೆ ನೋಡಿದಳು. ಆಮೇಲೆ ನನ್ನ ಮುಖ ನೋಡಿ, ಕೈಕಟ್ಟಿಕೊಂಡಳು.

"ತಿಳಿ ಹಳದಿ ಐತ್ರಿ, ಅಕ್ಕೋರ."