ತಮ್ಮನ ನೆತ್ತಿ

ಅಥವಾ ತಮ್ಮನನ್ನು ಆಸ್ಪತ್ರೆಗೆ ಒಯ್ದ ಆ ದಿನ ನಾನು ಜೊತೆಗೆ ಹೋಗಿಯೇ ಇರಲಿಲ್ಲವೋ ಏನೋ. ನಾನು ಚಿಕ್ಕವಳಿದ್ದಾಗ ನಡೆದದ್ದು. ಅಕ್ಕ ಹೇಳಿದ್ದನ್ನು ಕೇಳಿ ಕೇಳಿ, ಕಣ್ಣಾರೆ ಕಂಡೆ ಅಂದುಕೊಂಡಿರಬಹುದು. ಆದರೂ ಬಸ್ಸಿನ ಕಿಟಕಿಯ ಕಬ್ಬಿಣದ ರುಚಿ ನಾಲಿಗೆಗೆ ನೆನಪಿದೆ. ಹೋಗಿದ್ದೆ ಎಂದೇ ಇಟ್ಟುಕೊಳ್ಳೋಣ, ಮಕ್ಕಳೇ.

ನಮ್ಮ ಮನೆ ವರ್ತೂರಿನಲ್ಲಿ, ಕೆರೆಯ ಹತ್ತಿರ. ಊರಲ್ಲಿ ಯಾರಿಗೆ ಮಗು ಹುಟ್ಟಿದರೂ ನೀರು ಹಾಕಲು ನಮ್ಮ ಅಜ್ಜಿಯನ್ನೇ ಕರೆಯುತ್ತಿದ್ದರು. ಬಚ್ಚಲಲ್ಲಿ ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಬಿಸಿನೀರು ಹುಯ್ಯುತ್ತಿದ್ದಳು. ಹಂಡೆ ಒಲೆಯ ಹೊಗೆ, ಹರಳೆಣ್ಣೆಯ ಜಿಡ್ಡು ವಾಸನೆ. ಆಮೇಲೆ ಎರಡು ಅಂಗೈ ನಡುವೆ ತಲೆ ಹಿಡಿದು, ದುಂಡಗಾಗಲೆಂದು ಮೆಲ್ಲಗೆ ಅದುಮುವಳು. ಎಳೆಮಗುವಿನ ನೆತ್ತಿಯಲ್ಲಿ ಮೂಳೆಯಿಲ್ಲದ ಮೆತ್ತನೆ ಜಾಗವೊಂದು ಇರುತ್ತದೆ. ಅಲ್ಲಿಗೆ ಎಣ್ಣೆ ಒತ್ತುವಳು.

ನನ್ನ ತಮ್ಮನಿಗೆ ಆ ಜಾಗ ಬಲು ಬೇಗ ಗಟ್ಟಿಯಾಯಿತು. ಅಜ್ಜಿಗೆ ಹೆಮ್ಮೆ. "ಆಗ್ಲೇ ನೆತ್ತಿ ಕೂಡೈತೆ ನೋಡು. ನನ್ ಕೈಗುಣ" ಎಂದು ಬಂದವರಿಗೆಲ್ಲ ಹೇಳಿದಳು. ಆದರೆ ತಲೆ ಉದ್ದುದ್ದ ಬೆಳೆಯತೊಡಗಿತು. ಅಕ್ಕ ಅವನನ್ನು ಎತ್ತಿಕೊಂಡು, "ಪರಂಗಿಕಾಯಿ ಬಂತು, ಜಾಗ ಬಿಡ್ರೀ" ಎಂದು ನಗುವಳು. ಅಜ್ಜಿ ಇನ್ನಷ್ಟು ಹೊತ್ತು ಅದುಮಿದಳು.

ಒಂದು ಬೆಳಿಗ್ಗೆ ಅವನ ತಲೆ ಒರೆಸುವಾಗ ಅಮ್ಮನ ಕೈಗೆ ನೆತ್ತಿಯ ಉದ್ದಕ್ಕೂ ಉಬ್ಬು ತಗುಲಿತು, ಚರ್ಮದ ಕೆಳಗೆ ಹಗ್ಗ ಇಟ್ಟ ಹಾಗೆ.

"ಇನ್ಮೇಲೆ ಇವನ್ನ ಮುಟ್ಬೇಡಿ ಅತ್ತೆ. ನೀವು ಅದುಮಿ ಅದುಮಿನೇ ಇಂಗಾಗಿರೋದು."

ಅಜ್ಜಿ ಕೈಯಲ್ಲಿದ್ದ ಎಣ್ಣೆಯನ್ನು ಸೆರಗಿಗೆ ಒರೆಸಿಕೊಂಡಳು.

ಅವತ್ತೇ ಅಪ್ಪನೊಂದಿಗೆ ಬಸ್ಸು ಹಿಡಿದು ಪೇಟೆಯ ದೊಡ್ಡಾಸ್ಪತ್ರೆಗೆ ಹೋದೆವು. ಯಾರೂ ಕರೆಯದಿದ್ದರೂ ಅಜ್ಜಿ ಬಂದಳು. ಅಲ್ಲಿ ಒಳಗೆ ಬಾರದೆ ಅಕ್ಕನ ಜೊತೆ ಮರದ ಕೆಳಗೆ ಕೂತಳು. ಡಾಕ್ಟರ್ ಹೆಬ್ಬೆರಳಿನಿಂದ ಉಬ್ಬನ್ನು ಸವರಿ ನೋಡಿದರು. ತಲೆಬುರುಡೆ ಒಂದೇ ಮೂಳೆಯಲ್ಲ, ಹಲವು ತುಂಡು. ಒಳಗೆ ಮಿದುಳು ಬೆಳೆಯುವವರೆಗೆ ಅವು ಬಿಡಿಬಿಡಿಯಾಗಿರಬೇಕು, ಇವನಿಗೆ ಮೊದಲೇ ಅಂಟಿಕೊಂಡಿವೆ, ಬಿಡಿಸಿ ಜಾಗ ಮಾಡಬೇಕು ಎಂದರು.

"ನಮ್ಮತ್ತೆ ತಲೆ ಅದುಮ್ತಿದ್ರು ಸಾರ್. ಅದ್ಕೇನಾ?" ಅಮ್ಮ ಕೇಳಿದಳು.

"ಅದಕ್ಕಲ್ಲಮ್ಮ. ಕೆಲವು ಮಕ್ಕಳಿಗೆ ಹೊಟ್ಟೆಯಲ್ಲಿದ್ದಾಗಲೇ ಹೀಗಾಗುತ್ತೆ. ಯಾರ ಕೈಯಿಂದಲೂ ಆಗಿದ್ದಲ್ಲ."

ಈ ಮಾತನ್ನು ನಾನೇ ಕೇಳಿದೆ ಎನ್ನುತ್ತದೆ ನನ್ನ ನೆನಪು. ಅದರ ಅರ್ಥ ಹೊಳೆದದ್ದು ದೊಡ್ಡವಳಾದ ಮೇಲೆ. ಅಪ್ಪ ಹೊರಗೆ ಬಂದು ಅಜ್ಜಿಯ ಎದುರು ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ಮಾತಾಡಿದ ಎಂಬುದು ನನ್ನ ಕಣ್ಣಿಗೆ ಕಟ್ಟಿದೆ. ಪಕ್ಕದಲ್ಲೇ ಇದ್ದ ಅಕ್ಕ ಒಪ್ಪುವುದಿಲ್ಲ. ಅಪ್ಪ ನಿಂತೇ ಹೇಳಿದನಂತೆ: "ಆಪರೇಷನ್ ಮಾಡ್ತಾರಂತೆ. ಮಕ್ಳನ್ನ ಕರ್ಕೊಂಡು ಊರಿಗೆ ಹೋಗವ್ವ." ಅಷ್ಟೇ.

ತಮ್ಮ ಉಳಿದ. ನಿಮ್ಮ ಚಂದಾಪುರದ ತಾತ ಅವನೇ. ಬೋಳುತಲೆಯ ಮೇಲಿನ ಹೊಲಿಗೆಯ ಗುರುತು ಆಗಿನದು. ಅಜ್ಜಿ ಮಾತ್ರ ಆಮೇಲೆ ಯಾವ ಮಗುವಿಗೂ ನೀರು ಹಾಕಲಿಲ್ಲ. ಯಾರಾದರೂ ಕರೆದರೆ "ಮಂಡಿ ನೋವು" ಅನ್ನುವಳು. ಅದೇ ಮಂಡಿಯಲ್ಲಿ ಕೆರೆಯ ಏರಿಯನ್ನು ಹತ್ತಿ, ಹುಲ್ಲಿನ ಹೊರೆ ತರುತ್ತಿದ್ದಳು.

ಈಗ ನಿಮ್ಮ ಪುಟ್ಟ ತಂಗಿಗೆ ಚುಚ್ಚುಮದ್ದು ಹಾಕಿಸಲು ಹೋದಾಗಲೆಲ್ಲ ತಲೆಗೆ ಟೇಪು ಸುತ್ತಿ ಅಳೆಯುತ್ತಾರೆ. ಅನುಮಾನ ಬಂದರೆ ನಿಮ್ಮಮ್ಮ ಫೋನನ್ನು ಸ್ಪೀಕರಿಗೆ ಹಾಕುತ್ತಾಳೆ. ಡಾಕ್ಟರ್ ಹೇಳಿದ್ದು ಅಡುಗೆಮನೆಯಲ್ಲಿರುವ ನನಗೂ ಕೇಳಿಸುತ್ತದೆ. ಆ ಕಾಲದಲ್ಲಿ ಒಬ್ಬರು ಕೇಳಿಸಿಕೊಂಡದ್ದನ್ನು ಇನ್ನೊಬ್ಬರಿಗೆ ಬಾಯಿಬಿಟ್ಟು ಹೇಳಬೇಕಿತ್ತು. ಅದು ಅವಳ ಕೈಯಿಂದ ಆದದ್ದಲ್ಲ ಎಂದು ಅಜ್ಜಿಗೆ ಅಪ್ಪ ಹೇಳಿದನೋ, ಅಮ್ಮ ಹೇಳಿದಳೋ, ಇನ್ನೊಬ್ಬರು ಹೇಳಿರುತ್ತಾರೆ ಎಂದು ಇಬ್ಬರೂ ಸುಮ್ಮನಾದರೋ, ನನಗೆ ಗೊತ್ತಿಲ್ಲ.